ಗೋಡೆಗೆ ಡಿಕ್ಕಿ ಹೊಡೆಯುವ ಉದ್ಯೋಗ

ದಿನಗಟ್ಟಲೆ ಒಂದೇ ಕೋಟೆಯ ಗೋಡೆಗೆ ಹೋಗಿ ಹೋಗಿ ಡಿಕ್ಕಿ ಹೊಡೆಯುವುದಕ್ಕೆ ಸಂಬಳ ಕೊಡುತ್ತಾರೆ ಎಂದರೆ ಊರಲ್ಲಿ ಯಾರೂ ನಂಬಲಿಲ್ಲವಂತೆ. ಬೆಂಗಳೂರಿನಲ್ಲಿ ಗೇಮ್ ಟೆಸ್ಟರ್ ಆಗಿರುವ, ತಿಪಟೂರು ಕಡೆಯ ಈ ಬಿ.ಕಾಂ. ಪದವೀಧರೆ ಮಾಡಿದ್ದು ಅದನ್ನೇ. ಅವರ ಹೆಸರು ಹಾಕುವ ಹಾಗಿಲ್ಲ. ಗೋಪ್ಯತಾ ಒಪ್ಪಂದಕ್ಕೆ ಸಹಿ ಹಾಕಿದ್ದಾರೆ. ಆಟ ಯಾವುದೆಂದೂ ಬಾಯಿಬಿಡಲಿಲ್ಲ, ನಾನೂ ಕೆದಕಲಿಲ್ಲ.

ಕೋಟೆಯ ಒಂದು ಮೆಟ್ಟಿಲ ಮೂಲೆಯಲ್ಲಿ ನಾಯಕ ಇದ್ದಕ್ಕಿದ್ದಂತೆ ನೆಲದೊಳಗೆ ಇಳಿದುಹೋದ. ಕೆಳಗೆ ಏನೂ ಇಲ್ಲ, ಬೂದು ಬಣ್ಣದ ಶೂನ್ಯ. ಬೀಳುತ್ತಲೇ ಇದ್ದ. ಸಾಮಾನ್ಯ ಆಟಗಾರ ಬೈದುಕೊಂಡು ಮತ್ತೆ ಶುರು ಮಾಡುತ್ತಾನೆ. ಇವರಿಗೆ ಮಾತ್ರ ಹಬ್ಬ. ಆದರೆ ಮರುಬಾರಿ ಅದೇ ಜಾಗಕ್ಕೆ ಹೋದರೆ ನೆಲ ಗಟ್ಟಿಯಾಗಿತ್ತು. ಓಡಿ ನೋಡಿದರು, ಹಾರಿ ನೋಡಿದರು, ಹಿಂದಕ್ಕೆ ನಡೆದು ನೋಡಿದರು. ಕೊನೆಗೆ ಸಿಕ್ಕಿದ್ದು ಇಷ್ಟು: ಆ ಮೂಲೆಯಲ್ಲಿ ಓರೆಯಾಗಿ ಉರುಳುತ್ತಿರುವಾಗಲೇ ಕತ್ತಿ ಬಿಟ್ಟು ಬಿಲ್ಲು ಎತ್ತಿಕೊಂಡರೆ ಬೀಳುತ್ತಾನೆ. ಹತ್ತು ಸಲಕ್ಕೆ ನಾಲ್ಕು ಸಲ.

“ಸಿಕ್ಕಿದ್ದು ದೊಡ್ಡದಲ್ಲ ಸರ್, ಬರೆಯೋದು ದೊಡ್ಡದು” ಎಂದರು. ತಮ್ಮ ಮೊದಲ ವರದಿಯಲ್ಲಿ ‘ಪಾತ್ರ ಕೆಳಗೆ ಬೀಳುತ್ತದೆ’ ಎಂದಷ್ಟೇ ಬರೆದಿದ್ದರಂತೆ. ಇಲ್ಲಿ ರಾತ್ರಿಯಾದಾಗ ಕೆಲಸ ಶುರು ಮಾಡುವ ದೂರದೇಶದ ಪ್ರೋಗ್ರಾಮರ್ ‘ನಮ್ಮಲ್ಲಿ ಹಾಗಾಗುತ್ತಿಲ್ಲ’ ಎಂದು ಮುಚ್ಚಿ ಕಳಿಸಿದ. ಈಗ ಅವರ ವರದಿಗಳ ಜಾಡೇ ಬೇರೆ. ಆಟದ ಯಾವ ಬಿಲ್ಡ್ (ಆವೃತ್ತಿ), ಯಾವ ಯಂತ್ರ, ಯಾವ ಹಂತ, ಮೊದಲು ಏನು ಒತ್ತಬೇಕು, ಆಮೇಲೆ ಏನು, ಆಗಬೇಕಿದ್ದದ್ದೇನು, ಆದದ್ದೇನು, ಎಷ್ಟು ಸಲಕ್ಕೆ ಎಷ್ಟು. ಜೊತೆಗೊಂದು ವಿಡಿಯೊ. ವಿಶೇಷಣ ಒಂದೂ ಇಲ್ಲ. ಪತ್ರಿಕೆಗೆ ಬರೆಯುವ ನಮ್ಮಂಥವರು ಓದಬೇಕಾದ ಗದ್ಯ ಅದು.

ಈ ಕೆಲಸದ ಇತಿಹಾಸ ಕೇಳಿದರೆ ಅವರ ತಂಡದ ಹಿರಿಯ ಲೀಡ್ ಪ್ಯಾಕ್‌ಮ್ಯಾನ್‌ನಿಂದಲೇ ಆರಂಭಿಸುತ್ತಾರೆ. 1980ರ ಆ ಆಟದಲ್ಲಿ ಹಂತ ಎಣಿಸಲು ಇದ್ದದ್ದು 8 ಬಿಟ್‌ನ ಜಾಗ, 255ಕ್ಕೆ ಲೆಕ್ಕ ಮುಗಿಯುತ್ತದೆ. 256ನೇ ಹಂತ ತಲುಪಿದವರಿಗೆ ಅರ್ಧ ಪರದೆ ಕಲಸುಮೇಲೋಗರ, ಮುಂದೆ ದಾರಿಯಿಲ್ಲ. 1982ರಲ್ಲಿ ಅಟಾರಿ ಸುಮಾರು ಐದು ವಾರಗಳಲ್ಲಿ ಮಾಡಿ ಮಾರುಕಟ್ಟೆಗೆ ಬಿಟ್ಟ ‘ಇ.ಟಿ.’ ಆಟದ ಪ್ರತಿಗಳು ನ್ಯೂ ಮೆಕ್ಸಿಕೊದ ಕಸದ ಗುಂಡಿ ಸೇರಿದವು, 2014ರಲ್ಲಿ ಅಗೆದು ತೆಗೆದರು. 2020ರ ಡಿಸೆಂಬರ್‌ನಲ್ಲಿ ‘ಸೈಬರ್‌ಪಂಕ್ 2077’ ದೋಷಗಳ ಸಮೇತ ಬಿಡುಗಡೆಯಾದ ಒಂದು ವಾರಕ್ಕೇ ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದ ಅದನ್ನು ತೆಗೆದು, ಹಣ ವಾಪಸ್ ಕೊಡಲು ಒಪ್ಪಿತು. ದೋಷ ಹುಡುಕುವುದು ಟೆಸ್ಟರ್ ಕೆಲಸ, ಅದನ್ನು ಸರಿಪಡಿಸಿಯೇ ಬಿಡುಗಡೆ ಮಾಡಬೇಕೇ ಎಂಬ ತೀರ್ಮಾನ ಅವರದ್ದಲ್ಲ.

ಹಾಗಾದರೆ ಈ ಕೆಲಸಕ್ಕೆ ಬೇಕಾದದ್ದೇನು? ಇಂಥದೇ ಪದವಿ ಬೇಕೆಂದಿಲ್ಲ. ತಂತ್ರಾಂಶ ಪರೀಕ್ಷೆಯ ಐಎಸ್‌ಟಿಕ್ಯೂಬಿ ಪ್ರಮಾಣಪತ್ರ ಇದ್ದರೆ ಅನುಕೂಲ, ದೋಷ ದಾಖಲಿಸುವ ಜಿರಾದಂಥ ತಂತ್ರಾಂಶ ಬಳಸಿ ಗೊತ್ತಿದ್ದರೆ ಇನ್ನೂ ಒಳ್ಳೆಯದು, ಸರಳವಾದ ಇಂಗ್ಲಿಷ್ ಅಂತೂ ಬೇಕೇ ಬೇಕು. ಆಟದಲ್ಲಿ ನಿಸ್ಸೀಮರಾದವರು ಇಲ್ಲಿ ಸೋಲುವುದೇ ಹೆಚ್ಚು ಎನ್ನುತ್ತಾರೆ ಆ ಲೀಡ್. ಅವರು ಗೆಲ್ಲಲು ನೋಡುತ್ತಾರೆ, ಇಲ್ಲಿ ಬೇಕಿರುವುದು ಕೆಡಿಸಲು ನೋಡುವವರು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಮೂವರದ್ದೂ ಪ್ರತ್ಯೇಕ ನಿಯಮಾವಳಿ. ಆಟದ ನಡುವೆ ಕಂಟ್ರೋಲರ್ ಸಂಪರ್ಕ ಕಡಿದರೆ ಏನಾಗುತ್ತದೆ, ಉಳಿಸುತ್ತಿರುವಾಗಲೇ ಜಾಗ ತುಂಬಿದರೆ ಏನಾಗುತ್ತದೆ ಎಂದು ಒಂದೊಂದನ್ನೂ ಮಾಡಿ ನೋಡಬೇಕು. ಒಂದು ದೋಷ ಸರಿಯಾಯಿತು ಎಂದರೆ ಅದರಿಂದ ಬೇರೆ ಏನು ಕೆಟ್ಟಿದೆ ಎಂದು ಹಳೆಯದನ್ನೆಲ್ಲ ಮತ್ತೆ ಆಡಬೇಕು. ನೂರನೇ ಸಲವೂ ಮೊದಲ ಸಲದ ಕಣ್ಣು ಇರಬೇಕು. ಅದನ್ನು ಯಾವ ಕೋರ್ಸೂ ಕಲಿಸುವುದಿಲ್ಲ.

ಇಷ್ಟಾಗಿಯೂ ಆಟದ ಕಾರ್ಖಾನೆಯಲ್ಲಿ ಇವರದು ಕೊನೆಯ ಪಂಕ್ತಿ. ಹೆಚ್ಚಿನವರು ಗುತ್ತಿಗೆಯವರು, ಬಿಡುಗಡೆ ಹತ್ತಿರವಾದಂತೆ ರಾತ್ರಿ ಪಾಳಿ. ಆಟದ ಕೊನೆಗೆ ಮೇಲೇರುವ ಹೆಸರುಗಳಲ್ಲಿ ಗುತ್ತಿಗೆ ಮುಗಿಸಿ ಹೋದವರದ್ದು ಬಿಟ್ಟುಹೋಗುವುದೂ ಉಂಟು. ಅಮೆರಿಕದ ರೇವನ್ ಸಾಫ್ಟ್‌ವೇರ್‌ನ ಟೆಸ್ಟರ್‌ಗಳು 2021ರ ಡಿಸೆಂಬರ್‌ನಲ್ಲಿ ಸಹೋದ್ಯೋಗಿಗಳನ್ನು ತೆಗೆದುಹಾಕಿದ್ದಕ್ಕೆ ಕೆಲಸ ಬಿಟ್ಟು ಹೊರನಡೆದು, ಮುಂದಿನ ಮೇ ತಿಂಗಳಲ್ಲಿ ಮತ ಹಾಕಿ ಸಂಘ ಕಟ್ಟಿಕೊಂಡರು. ಕಾರ್ಖಾನೆಗಳಲ್ಲಿ ಇನ್‌ಸ್ಪೆಕ್ಟರ್‌ಗೆ ಇರುವ ಮರ್ಯಾದೆ ಇವರಿಗೇಕಿಲ್ಲ ಎಂಬುದು ನನಗಂತೂ ಅರ್ಥವಾಗಿಲ್ಲ.

ಪರೀಕ್ಷೆಯಲ್ಲಿ ಭಾಷೆಯದ್ದೇ ಒಂದು ವಿಭಾಗವಿದೆ. ಫ್ರೆಂಚ್, ಇಟಾಲಿಯನ್, ಜರ್ಮನ್, ಸ್ಪ್ಯಾನಿಷ್ ಬಲ್ಲವರು ಕೂತು ಪ್ರತಿ ಸಂಭಾಷಣೆಯನ್ನೂ ಆ ಭಾಷೆಯಲ್ಲಿ ಓದುತ್ತಾರೆ, ಉದ್ದದ ಜರ್ಮನ್ ಪದ ಪರದೆಯ ಬಟನ್‌ನಿಂದ ಹೊರಚೆಲ್ಲಿದರೆ ವರದಿ ಬರೆಯುತ್ತಾರೆ. ಕನ್ನಡಕ್ಕೆ ಅಂಥ ಕುರ್ಚಿಯನ್ನು ಈಕೆ ತಮ್ಮ ಕಚೇರಿಯಲ್ಲಿ ಇದುವರೆಗೆ ಕಂಡಿಲ್ಲ. ಬಿಡುವಿನಲ್ಲಿ ತಾವೇ ಒಂದು ಪರೀಕ್ಷಾ ಪರದೆಯಲ್ಲಿ ಕನ್ನಡ ಸಾಲು ಹಾಕಿ ನೋಡಿದ್ದರಂತೆ. ‘ರಾಷ್ಟ್ರ’ ಎಂದು ಬರೆದರೆ ಕೆಳಗಿನ ಒತ್ತಕ್ಷರಗಳು ಚೌಕಟ್ಟಿನ ಅಂಚಿಗೆ ಸಿಕ್ಕಿ ಕತ್ತರಿಸಿಹೋದವು. ಹತ್ತಕ್ಕೆ ಹತ್ತು ಸಲ. ವರದಿ ಬರೆದು ಇಟ್ಟುಕೊಂಡಿದ್ದಾರೆ, ಕಳಿಸಲು ವಿಳಾಸವಿಲ್ಲ.