ಸ್ಪಿಂಡಲ್‌ಗೆ ಯಾವ ನೀರು ಕುಡಿಸಬೇಕು?



ಮನೆಯ ನಾಮಫಲಕ, ದೇವರ ಮಂಟಪದ ಜಾಲರಿ, ಅಂಗಡಿಯ ಅಕ್ರಿಲಿಕ್ ಬೋರ್ಡು – ಇವನ್ನೆಲ್ಲ ಈಗ ಸಿಎನ್‌ಸಿ ರೌಟರ್ ಚಕಚಕನೆ ಕೊರೆದು ಕೊಡುತ್ತದೆ. ಪುಣೆಯಲ್ಲೋ, ಚೆನ್ನೈನಲ್ಲೋ ಒಂದು ಪುಟ್ಟ ಶೆಡ್ಡಿನಲ್ಲಿ ಈ ಯಂತ್ರ ಇಟ್ಟುಕೊಂಡು ದುಡಿಯುವವರು ನೀವಾಗಿದ್ದರೆ, ಈ ಬಾರಿಯ ಮಾತು ನಿಮಗಾಗಿಯೇ.

ಯಂತ್ರದ ಜೀವ ಇರುವುದು ಸ್ಪಿಂಡಲ್‌ನಲ್ಲಿ. ಸಾಮಾನ್ಯವಾಗಿ ಸಿಗುವ 2.2 ಕಿಲೋವ್ಯಾಟ್ ಸ್ಪಿಂಡಲ್ ನಿಮಿಷಕ್ಕೆ 24,000 ಸುತ್ತಿನವರೆಗೂ ತಿರುಗುತ್ತದೆ. ಪೂರ್ಣ ಹೊರೆ ಬಿದ್ದಾಗ ಕೆಲವು ನೂರು ವ್ಯಾಟ್ ವಿದ್ಯುತ್ತು ಬರೀ ಶಾಖವಾಗುತ್ತದೆ. ಅದನ್ನು ಹೊತ್ತೊಯ್ಯುವುದು ಒಳಗಿನ ಸಣ್ಣ ದಾರಿಗಳಲ್ಲಿ ಹರಿಯುವ ನೀರು. ಆ ದಾರಿ ಕಟ್ಟಿಕೊಂಡರೆ ಬೇರಿಂಗ್ ಹಾಳಾಗುತ್ತದೆ, ವೈಂಡಿಂಗ್ ಸುಟ್ಟುಹೋಗಬಹುದು.

ನಲ್ಲಿ ನೀರು ಸಾಲದೇ ಎನ್ನುತ್ತೀರಾ? ಗೀಸರ್ ಒಳಗೆ ಕಟ್ಟುವ ಸುಣ್ಣದಂಥ ಬಿಳಿ ಹೆಕ್ಕಳೆಯನ್ನು ನೆನಪಿಸಿಕೊಳ್ಳಿ. ಗಡಸು ಬೋರ್‌ವೆಲ್ ನೀರು ಇಲ್ಲಿಯೂ ಅದನ್ನೇ ಮಾಡುತ್ತದೆ. ಬಕೆಟ್ಟಿನ ನೀರು ಆವಿಯಾದಂತೆಲ್ಲ ನೀವು ಮತ್ತೆ ತುಂಬುತ್ತೀರಿ. ಲವಣ ಮಾತ್ರ ಅಲ್ಲೇ ಉಳಿದು ಹೆಚ್ಚುತ್ತದೆ. ಮುಂಬೈನ ಕೆರೆ ನೀರು ಮೃದು, ನಿಜ. ಆದರೆ ಅದೂ ತುಕ್ಕನ್ನು ತಡೆಯದು. ಉಕ್ಕು, ಹಿತ್ತಾಳೆ, ಅಲ್ಯೂಮಿನಿಯಂ ಒಂದೇ ನೀರಿನಲ್ಲಿ ನೆನೆದರೆ ಬ್ಯಾಟರಿಯಂತೆ ವರ್ತಿಸಿ, ಅವುಗಳಲ್ಲೊಂದು ಸವೆಯುತ್ತಾ ಹೋಗುತ್ತದೆ.

ಹಾಗಾಗಿ ಡಿಸ್ಟಿಲ್ಡ್ ಅಥವಾ ಡಿಎಂ ನೀರಿನಿಂದ ಶುರುಮಾಡಿ. ಇನ್ವರ್ಟರ್ ಬ್ಯಾಟರಿಗೆ ಹಾಕುತ್ತೀರಲ್ಲ, ಅದೇ ನೀರು. ಎಸಿಯಿಂದ ತೊಟ್ಟಿಕ್ಕುವ ನೀರು ಬೇಡ; ಅದರಲ್ಲಿ ಧೂಳು, ಸೂಕ್ಷ್ಮಜೀವಿಗಳು ಸೇರಿರುತ್ತವೆ.

ಶುದ್ಧ ನೀರೊಂದೇ ಸಾಕೇ? ಸಾಲದು. ಅದರಲ್ಲೂ ಪಾಚಿ ಬೆಳೆಯಬಹುದು, ತುಕ್ಕು ಹಿಡಿಯಬಹುದು. ಅದಕ್ಕಾಗಿಯೇ ಅನೇಕರು ಕಾರಿನ ಕೂಲೆಂಟ್ ಬೆರೆಸುತ್ತಾರೆ. ಇದರಲ್ಲಿರುವ ಗ್ಲೈಕಾಲ್ ಚಳಿದೇಶಗಳಲ್ಲಿ ನೀರು ಹೆಪ್ಪುಗಟ್ಟದಂತೆ ಕಾಯುತ್ತದೆ. ನಮ್ಮ ಊರುಗಳ ಶೆಡ್ಡಿನಲ್ಲಿ ಆ ಭಯವಿಲ್ಲ. ನಮಗೆ ಬೇಕಿರುವುದು ಅದರೊಳಗಿನ ತುಕ್ಕುನಿರೋಧಕ. ಗ್ಲೈಕಾಲ್ ನೀರಿಗಿಂತ ಕಡಿಮೆ ಶಾಖ ಹೊರುತ್ತದೆ, ಮಂದವಾಗಿರುವುದರಿಂದ ಪುಟ್ಟ ಪಂಪು ಏದುಸಿರು ಬಿಡುತ್ತದೆ. ಆದ್ದರಿಂದ ಡಬ್ಬಿಯ ಮೇಲೆ ಹೇಳಿದ ಕನಿಷ್ಠ ಪ್ರಮಾಣವೇ ಸಾಕು. ಅದಕ್ಕಿಂತಲೂ ತೆಳುಮಾಡಿದರೆ ನಿರೋಧಕ ಸಾಲುವುದಿಲ್ಲ, ತೆಳು ಗ್ಲೈಕಾಲ್ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತದೆ. ಬೆರೆಸಿಯೇ ಮಾರುವ ಕೂಲೆಂಟ್‌ಗೆ ಮತ್ತೆ ನೀರು ಸೇರಿಸಬೇಡಿ. ಬಣ್ಣ ಒಂದೇ ಎಂದು ಎರಡು ಬಗೆಯವನ್ನು ಬೆರೆಸಲೂ ಬೇಡಿ.

ಒಂದು ಎಚ್ಚರಿಕೆ. ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಮಕ್ಕಳೋ ಬೀದಿನಾಯಿಯೋ ಓಡಾಡುವ ಜಾಗದಲ್ಲಿ ತೆರೆದ ಬಕೆಟ್ಟಿನಲ್ಲಿ ಇಡಲೇಬೇಡಿ. ಮನೆಯಲ್ಲೇ ಯಂತ್ರವಿದ್ದರೆ ಕಡಿಮೆ ವಿಷದ ಪ್ರೊಪಿಲೀನ್ ಗ್ಲೈಕಾಲ್ ಇರುವ ಕೂಲೆಂಟ್ ವಾಸಿ.

ಸೆಖೆ ಹೆಚ್ಚೆಂದು ಬಕೆಟ್ಟಿಗೆ ಐಸ್ ಹಾಕುವವರಿದ್ದಾರೆ. ಮುಂಬೈ, ಚೆನ್ನೈನ ತೇವದ ಗಾಳಿಯಲ್ಲಿ ತಣ್ಣನೆಯ ಲೋಟ ಬೆವರುವಂತೆ ಸ್ಪಿಂಡಲ್ಲೂ ಒಳಗೊಳಗೇ ಬೆವರುತ್ತದೆ. ಬೇರಿಂಗ್‌ಗೆ, ವೈಂಡಿಂಗ್‌ಗೆ ಅದೇ ಕಂಟಕ. ಐಸಿನ ಬದಲು ನೀರಿನ ಪ್ರಮಾಣ ಹೆಚ್ಚಿಸಿ. ಲೆಕ್ಕ ಸರಳ: 300 ವ್ಯಾಟ್ ಶಾಖ ಸತತವಾಗಿ ಬಂದರೆ 20 ಲೀಟರ್ ನೀರು ಗಂಟೆಗೆ ಹೆಚ್ಚೆಂದರೆ 13 ಡಿಗ್ರಿ ಬಿಸಿಯೇರುತ್ತದೆ; 40 ಲೀಟರ್ ಇದ್ದರೆ ಅದರ ಅರ್ಧ. ದಿನವಿಡೀ ದುಡಿಸುವವರು ರೇಡಿಯೇಟರ್, ಫ್ಯಾನ್ ಜೋಡಿಸಿಕೊಳ್ಳಿ.

ಕಟಿಂಗ್ ಆಯಿಲ್ ಬೆರೆಸಬೇಡಿ, ಅದು ಕೆಲವೇ ದಿನಕ್ಕೆ ನಾರಬಹುದು. ಬ್ಲೀಚಿಂಗ್ ಪುಡಿಯಂತೂ ಬೇಡವೇ ಬೇಡ, ಲೋಹವನ್ನು ತಿನ್ನುತ್ತದೆ. ಪಾಚಿಗೆ ಬೆಳಕೇ ಬಲ. ಟ್ಯಾಂಕಿಗೆ ಮುಚ್ಚಳ ಹಾಕಿ, ಬೆಳಕು ತೂರದ ಪೈಪು ಬಳಸಿ.

ಪ್ರತಿ ಬೆಳಿಗ್ಗೆ ಮೊದಲು ಪಂಪು, ಆಮೇಲೆ ಸ್ಪಿಂಡಲ್. ಹಿಂದಿರುಗುವ ಪೈಪಿನಿಂದ ನೀರು ಧಾರೆಯಾಗಿ ಬೀಳುವುದನ್ನು ಕಣ್ಣಾರೆ ನೋಡಿಯೇ ಸ್ವಿಚ್ಚು ಒತ್ತಿ. ನೀರು ಕಲಕಾದರೆ, ಲೋಳೆಯಾದರೆ ಅಂದೇ ಬದಲಿಸಿ. ಕೆಲವು ನೂರು ರೂಪಾಯಿಯ ನೀರು, ಸಾವಿರಾರು ರೂಪಾಯಿಯ ಸ್ಪಿಂಡಲ್ – ಯಾವುದರಲ್ಲಿ ಉಳಿತಾಯ ಮಾಡಬೇಕೆಂದು ನಿಮಗೇ ಗೊತ್ತು, ಏನಂತೀರಿ?