‘ಫಾಲ್ಟಿಂಗ್ ಮಾಡ್ಯೂಲ್’ ಎಂದು ಬಂದರೆ ಆ ಫೈಲನ್ನು ಡೌನ್‌ಲೋಡ್ ಮಾಡಿ ಹಾಕಿದರೆ ಸಾಕೇ?

ಸಾರಾಂಶ

ಕಂಪ್ಯೂಟರ್‌ನಲ್ಲಿ ಪ್ರೋಗ್ರಾಂ ದಿಢೀರನೆ ಮುಚ್ಚಿಕೊಂಡರೆ, ‘ಫಾಲ್ಟಿಂಗ್ ಮಾಡ್ಯೂಲ್’ ಎಂದು ತೋರಿಸುವ ಡಿಎಲ್‌ಎಲ್ ಫೈಲನ್ನು ಅಂತರ್ಜಾಲದಿಂದ ಇಳಿಸಿಕೊಂಡು ಸಿಸ್ಟಂ32 ಫೋಲ್ಡರ್‌ಗೆ ಹಾಕಿ ಎಂಬ ಸಲಹೆ ವಾಟ್ಸಾಪ್ ಗುಂಪುಗಳಲ್ಲಿ, ವಿಡಿಯೊಗಳಲ್ಲಿ ಹರಿದಾಡುತ್ತದೆ. ನಾವು ಇದನ್ನು ಪರಿಶೀಲಿಸಿದೆವು. ಈ ಸಲಹೆ ಬಹುಮಟ್ಟಿಗೆ ತಪ್ಪು ಮತ್ತು ಅಪಾಯಕಾರಿ.

ಡಿಎಲ್‌ಎಲ್ ಎಂದರೇನು?

ಮದುವೆಗೆ ಬೇಕಾದ ದೊಡ್ಡ ಪಾತ್ರೆಗಳನ್ನು ಪ್ರತಿ ಮನೆಯವರೂ ಕೊಳ್ಳುವುದಿಲ್ಲ. ಸಮುದಾಯ ಭವನದಲ್ಲಿ ಇರುವುದನ್ನೇ ಎಲ್ಲರೂ ಬಳಸುತ್ತಾರೆ. ಡಿಎಲ್‌ಎಲ್, ಅಂದರೆ ಡೈನಾಮಿಕ್ ಲಿಂಕ್ ಲೈಬ್ರರಿ ಕೂಡ ಹೀಗೆಯೇ. ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸಬಹುದಾದ ಕೋಡ್ ಅದರಲ್ಲಿ ಇರುತ್ತದೆ. ಪ್ರೋಗ್ರಾಂ ಕುಸಿದ ಕ್ಷಣದಲ್ಲಿ ಯಾವ ಫೈಲಿನ ಕೋಡ್ ನಡೆಯುತ್ತಿತ್ತೋ ಅದರ ಹೆಸರನ್ನು ವಿಂಡೋಸ್ ‘ಫಾಲ್ಟಿಂಗ್ ಮಾಡ್ಯೂಲ್’ ಎಂದು ದಾಖಲಿಸುತ್ತದೆ.

ಹಾಗಾದರೆ ತಪ್ಪು ಆ ಫೈಲಿನದೇ ಅಲ್ಲವೇ?

ಯಾವಾಗಲೂ ಅಲ್ಲ. ಬ್ರೇಕ್ ಕೆಟ್ಟ ಸ್ಕೂಟರ್ ವೃತ್ತದ ಬಳಿ ಬಿದ್ದರೆ, ದಾಖಲೆಯಲ್ಲಿ ವೃತ್ತದ ಹೆಸರು ಬರುತ್ತದೆ. ಹಾಗೆಂದು ಯಾರೂ ವೃತ್ತವನ್ನು ಅಗೆದು ಹೊಸದಾಗಿ ಕಟ್ಟುವುದಿಲ್ಲ. ಫಾಲ್ಟಿಂಗ್ ಮಾಡ್ಯೂಲ್ ಕೂಡ ಬಿದ್ದ ಜಾಗದ ಹೆಸರು ಮಾತ್ರ, ಬೀಳಲು ಕಾರಣ ಬೇರೆ ಇರಬಹುದು.

ಇಂಥ ದೋಷಗಳಲ್ಲಿ ಆಗಾಗ ಕಾಣುವ ಹೆಸರು ‘ಎನ್‌ಟಿಡಿಎಲ್‌ಎಲ್’. ಇದು ಪ್ರೋಗ್ರಾಂಗಳು ವಿಂಡೋಸ್‌ನ ತಿರುಳಿನೊಂದಿಗೆ ವ್ಯವಹರಿಸುವ ಬಾಗಿಲು. ಯಾವುದೋ ಪ್ರೋಗ್ರಾಂ ಅಥವಾ ಪ್ಲಗಿನ್ ಮೊದಲೇ ಮೆಮೊರಿಯನ್ನು ಕೆಡಿಸಿದ್ದರೆ, ಅದು ಪತ್ತೆಯಾಗುವುದು ಹಲವು ಸಲ ಈ ಬಾಗಿಲಲ್ಲಿ. ಕೆಡಿಸಿದವರು ಒಬ್ಬರು, ಹೆಸರು ಕೆಟ್ಟದ್ದು ಇನ್ನೊಬ್ಬರದು.

ಇದಕ್ಕೆ ಹತ್ತಿರದ ಒಂದು ನಿಜ ಉದಾಹರಣೆ ಇದೆ. 2019ರ ಅಕ್ಟೋಬರ್‌ನಲ್ಲಿ ಕ್ರೋಮ್ ಬ್ರೌಸರ್‌ನ 78ನೇ ಆವೃತ್ತಿ ಬಂದಾಗ ಕೆಲವು ಕಚೇರಿ ಕಂಪ್ಯೂಟರ್‌ಗಳಲ್ಲಿ ಒಂದು ಪುಟವೂ ತೆರೆಯದಾಯಿತು. ನೋಡಿದವರಿಗೆ ಕ್ರೋಮ್ ಕೆಟ್ಟಿದೆ ಎನಿಸುತ್ತಿತ್ತು. ಆದರೆ ಆ ಕಂಪ್ಯೂಟರ್‌ಗಳಲ್ಲಿದ್ದ ಸಿಮ್ಯಾಂಟೆಕ್ ಎಂಡ್‌ಪಾಯಿಂಟ್ ಪ್ರೊಟೆಕ್ಷನ್‌ನ ಹಳೆಯ ಆವೃತ್ತಿಗೂ ಕ್ರೋಮ್‌ನ ಹೊಸ ಭದ್ರತಾ ವ್ಯವಸ್ಥೆಗೂ ಹೊಂದಾಣಿಕೆ ಇರಲಿಲ್ಲ. ಆ ಭದ್ರತಾ ಸಾಫ್ಟ್‌ವೇರನ್ನು ಅಪ್‌ಡೇಟ್ ಮಾಡುವುದೇ ಪರಿಹಾರವಾಗಿತ್ತು.

ಡೌನ್‌ಲೋಡ್ ಮಾಡಿ ಹಾಕಿದರೆ ಏನು ತೊಂದರೆ?

ಸಿಕ್ಕ ಫೈಲು ಬೇರೆ ಆವೃತ್ತಿಯದಾಗಿರಬಹುದು. 64 ಬಿಟ್ ಫೈಲು ಬೇಕಾದ ಕಡೆ 32 ಬಿಟ್‌ನದು ಬಂದಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಅದರೊಳಗೆ ವೈರಸ್ ಇರಬಹುದು. ಮುಖ್ಯ ಸಿಸ್ಟಂ ಫೈಲುಗಳನ್ನು ಬದಲಿಸದಂತೆ ವಿಂಡೋಸ್ ರಕ್ಷಣೆ ಇಟ್ಟಿರುತ್ತದೆ. ಅದನ್ನು ಬಲವಂತವಾಗಿ ತೆಗೆದು ಬೇರೆ ಫೈಲು ಹಾಕಿದರೆ ಕಂಪ್ಯೂಟರ್ ಆನ್ ಆಗದೇ ಹೋಗಬಹುದು. ಒಂದು ಪ್ರೋಗ್ರಾಂ ಸರಿಮಾಡಲು ಹೋಗಿ, ಅಂಗಡಿಯ ವರ್ಷದ ಲೆಕ್ಕ, ಮಕ್ಕಳ ಪ್ರಾಜೆಕ್ಟ್, ಮನೆಯ ಫೋಟೊಗಳು ಎಲ್ಲವೂ ಕೈಗೆ ಸಿಗದಂತಾಗಬಹುದು.

ಸರಿಯಾದ ದಾರಿ ಯಾವುದು?

ಮೊದಲು ಮುಖ್ಯ ಫೈಲುಗಳನ್ನು ಪೆನ್‌ಡ್ರೈವ್‌ಗೋ ಹೊರಗಿನ ಹಾರ್ಡ್ ಡಿಸ್ಕ್‌ಗೋ ನಕಲು ಮಾಡಿಕೊಳ್ಳಿ. ನಂತರ ಸ್ಟಾರ್ಟ್ ಮೆನುವಿನಲ್ಲಿ ‘ಈವೆಂಟ್ ವ್ಯೂವರ್’ ಹುಡುಕಿ ತೆರೆಯಿರಿ. ‘ವಿಂಡೋಸ್ ಲಾಗ್ಸ್’ ಒಳಗಿನ ‘ಅಪ್ಲಿಕೇಶನ್’ ವಿಭಾಗದಲ್ಲಿ, ಪ್ರೋಗ್ರಾಂ ಮುಚ್ಚಿಕೊಂಡ ಸಮಯದ, ಈವೆಂಟ್ ಐಡಿ 1000 ಇರುವ ದಾಖಲೆಯನ್ನು ನೋಡಿ. ಕುಸಿದ ಪ್ರೋಗ್ರಾಂನ ಹೆಸರು, ಮಾಡ್ಯೂಲ್‌ನ ಹೆಸರು, ಆ ಫೈಲು ಇರುವ ಫೋಲ್ಡರ್ ಅಲ್ಲಿರುತ್ತವೆ. ಮೂರು ನಾಲ್ಕು ಸಲದ ದಾಖಲೆಗಳನ್ನು ಹೋಲಿಸಿದರೆ ಕಾರಣದ ಸುಳಿವು ಸಿಗುತ್ತದೆ.

• ಒಂದೇ ಪ್ರೋಗ್ರಾಂ ಮತ್ತೆ ಮತ್ತೆ ಕುಸಿಯುತ್ತಿದ್ದರೆ: ಅದನ್ನು ಅಪ್‌ಡೇಟ್ ಮಾಡಿ. ಪ್ಲಗಿನ್‌ಗಳಿದ್ದರೆ ನಿಲ್ಲಿಸಿ ನೋಡಿ. ಆಗಲೂ ಸರಿಹೋಗದಿದ್ದರೆ ತೆಗೆದುಹಾಕಿ ಹೊಸದಾಗಿ ಇನ್‌ಸ್ಟಾಲ್ ಮಾಡಿ.

• ಮಾಡ್ಯೂಲ್ ಬೇರೆ ಸಾಫ್ಟ್‌ವೇರ್‌ನ ಫೋಲ್ಡರ್‌ನಲ್ಲಿದ್ದರೆ: ಅದು ಗ್ರಾಫಿಕ್ಸ್, ಪ್ರಿಂಟರ್ ಅಥವಾ ಆ್ಯಂಟಿವೈರಸ್‌ಗೆ ಸೇರಿದ್ದಿರಬಹುದು. ತಯಾರಕರ ಅಧಿಕೃತ ಜಾಲತಾಣದಿಂದಲೇ ಅದನ್ನು ಅಪ್‌ಡೇಟ್ ಮಾಡಿ.

• ಹಲವು ಪ್ರೋಗ್ರಾಂಗಳು, ಪ್ರತಿ ಸಲ ಬೇರೆ ಬೇರೆ ಮಾಡ್ಯೂಲ್‌ಗಳ ಹೆಸರಿನಲ್ಲಿ ಕುಸಿಯುತ್ತಿದ್ದರೆ: ರ‍್ಯಾಮ್ ಅಥವಾ ಡಿಸ್ಕ್ ಕೆಟ್ಟಿರಬಹುದು. ವಿಂಡೋಸ್‌ನಲ್ಲೇ ಇರುವ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಬಳಸಿ ರ‍್ಯಾಮ್ ಪರೀಕ್ಷಿಸಿ.

• ಸಿಸ್ಟಂ ಫೈಲೇ ಕೆಟ್ಟಿರುವ ಅನುಮಾನವಿದ್ದರೆ: ‘ಕಮಾಂಡ್ ಪ್ರಾಂಪ್ಟ್’ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ‘ಎಸ್‌ಎಫ್‌ಸಿ /ಸ್ಕ್ಯಾನ್‌ನೌ’ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ‘ಎಸ್‌ಎಫ್‌ಸಿ’ ನಂತರ ಒಂದು ಸ್ಪೇಸ್ ಇರಲಿ. ವಿಂಡೋಸ್ ತನ್ನ ಫೈಲುಗಳನ್ನು ತಾನೇ ಪರೀಕ್ಷಿಸಿ, ಕೆಟ್ಟಿದ್ದನ್ನು ತನ್ನಲ್ಲಿರುವ ಸರಿಯಾದ ಪ್ರತಿಯಿಂದ ಬದಲಿಸಲು ಯತ್ನಿಸುತ್ತದೆ. ಡೌನ್‌ಲೋಡ್ ಸಲಹೆ ಮಾಡಹೊರಟ ಕೆಲಸ ಇದೇ, ಆದರೆ ಇದು ಸುರಕ್ಷಿತ ದಾರಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ನೋಡಿ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ.

ಕೆಂಪು ಗುರುತು ಕಂಡು ಹೆದರಬೇಡಿ

ಈವೆಂಟ್ ವ್ಯೂವರ್ ತೆರೆದರೆ ಕೆಂಪು, ಹಳದಿ ಗುರುತುಗಳ ಸಾಲೇ ಕಾಣಬಹುದು. ಚೆನ್ನಾಗಿರುವ ಕಂಪ್ಯೂಟರ್‌ನಲ್ಲೂ ಅವು ಇರುತ್ತವೆ. ಈ ಭಯವನ್ನೇ ವಂಚಕರು ಬಳಸಿಕೊಳ್ಳುತ್ತಾರೆ. ‘ಮೈಕ್ರೋಸಾಫ್ಟ್‌ನಿಂದ ಮಾತಾಡುತ್ತಿದ್ದೇವೆ’ ಎಂದು ಕರೆ ಮಾಡಿ, ಇದೇ ಪಟ್ಟಿಯನ್ನು ತೆರೆಸಿ, ‘ನೋಡಿ, ಎಷ್ಟೊಂದು ವೈರಸ್’ ಎಂದು ನಂಬಿಸಿ, ಕಂಪ್ಯೂಟರ್‌ನ ನಿಯಂತ್ರಣವನ್ನೂ ಹಣವನ್ನೂ ಕೇಳುತ್ತಾರೆ. ಮೈಕ್ರೋಸಾಫ್ಟ್‌ನ ನಿಜವಾದ ದೋಷ ಸಂದೇಶಗಳಲ್ಲಿ ಫೋನ್ ನಂಬರ್ ಇರುವುದಿಲ್ಲ. ಹಣ ಕಳೆದುಕೊಂಡಿದ್ದರೆ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತೀರ್ಮಾನ

ಫಾಲ್ಟಿಂಗ್ ಮಾಡ್ಯೂಲ್‌ನ ಹೆಸರು ಒಂದು ಸುಳಿವು ಮಾತ್ರ, ತೀರ್ಪಲ್ಲ. ಆ ಫೈಲನ್ನು ಎಲ್ಲಿಂದಲೋ ತಂದು ಹಾಕಿದರೆ ದೋಷ ಹೋಗುತ್ತದೆ ಎಂಬುದು ತಪ್ಪು. ಇಂಥ ಸಂದೇಶ ನಿಮ್ಮ ಗುಂಪಿಗೆ ಬಂದರೆ ಫಾರ್ವರ್ಡ್ ಮಾಡಬೇಡಿ. ಕಳುಹಿಸಿದವರಿಗೂ ಅದು ಅಪಾಯಕಾರಿ ಎಂದು ತಿಳಿಸಿ.