ಮಾವನ ಮಲ್ಟಿಮೀಟರ್

ಕರೆಂಟ್ ಇದೆಯೋ ಇಲ್ಲವೋ ನೋಡಲು ತುಂಬಾ ಮನೆಗಳಲ್ಲಿ ಟೆಸ್ಟರ್ ಇರುತ್ತೆ. ಅದರ ದೀಪ ಹತ್ತಿದರೆ ಕರೆಂಟ್ ಇದೆ ಎಂದು ಗೊತ್ತಾಗುತ್ತೆ. ಎಷ್ಟಿದೆ ಅಂತ ಅದು ಹೇಳಲ್ಲ. ಅದನ್ನು ಹೇಳುವುದು ಮಲ್ಟಿಮೀಟರ್.

ಇದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಮೇಲೆ ಅಂಕಿ ತೋರಿಸುವ ಪರದೆ, ನಡುವೆ ತಿರುಗಿಸುವ ಗುಂಡಿ, ಎರಡು ವೈರು. ವೋಲ್ಟ್, ಆಂಪಿಯರ್, ಓಮ್ ಮೂರನ್ನೂ ಅಳೆಯುತ್ತದೆ. ಮೊದಲು ಮೂರಕ್ಕೂ ಬೇರೆ ಬೇರೆ ಮೀಟರ್ ಹೊರಬೇಕಿತ್ತು. ಇಂಗ್ಲೆಂಡಿನ ಅಂಚೆ ಇಲಾಖೆಯ ಇಂಜಿನಿಯರ್ ಡೊನಾಲ್ಡ್ ಮೆಕಾಡಿ ಎಂಬವರು ಮೂರನ್ನೂ ಒಂದರಲ್ಲೇ ಸೇರಿಸಿದರು. ಅದು 1923ರಲ್ಲಿ ಮಾರಾಟಕ್ಕೆ ಬಂತು.

ಹೋದ ವರ್ಷ ಬಿತ್ತನೆ ಟೈಮಿನಲ್ಲಿ ನಮ್ಮ ಚಿಕ್ಕಪ್ಪನ ಟ್ರ್ಯಾಕ್ಟರ್ ಸ್ಟಾರ್ಟ್ ಆಗಲಿಲ್ಲ. ಕೀ ತಿರುಗಿಸಿದರೆ ಟಕ್ ಅನ್ನುತ್ತಿತ್ತು, ಅಷ್ಟೇ. ನೋಡಿದವರು ಬ್ಯಾಟರಿ ಹೋಗಿದೆ, ಹೊಸದು ತನ್ನಿ ಎಂದರು. ಚಿಕ್ಕಪ್ಪನ ಹತ್ತಿರ ಇದ್ದದ್ದು ಗೊಬ್ಬರಕ್ಕೆ ಇಟ್ಟ ದುಡ್ಡು ಮಾತ್ರ.

ಪಂಪ್‌ಸೆಟ್ ರಿಪೇರಿ ಮಾಡುವ ನಮ್ಮ ಸೋದರಮಾವ ಮೀಟರ್ ತಂದರು. ಡಿ.ಸಿ. 20ಕ್ಕೆ ತಿರುಗಿಸಿ ಬ್ಯಾಟರಿಯ ಎರಡೂ ಟರ್ಮಿನಲ್‌ಗೆ ಮುಟ್ಟಿಸಿದರು. 12.6 ವೋಲ್ಟ್ ಬಂತು. ಪೂರಾ ಚಾರ್ಜ್ ಇದ್ದರೆ ಅಷ್ಟು ಬರುತ್ತೆ. ಆದರೆ ಸುಮ್ಮನಿದ್ದಾಗ ಸರಿಯಾಗಿದ್ದು, ಕೆಲಸ ಬಿದ್ದಾಗ ಕುಸಿಯುವ ಬ್ಯಾಟರಿಯೂ ಇರುತ್ತೆ. (ನಮ್ಮ ಕ್ಲಾಸಿನಲ್ಲೂ ಅಂಥವರಿದ್ದಾರೆ!) ಅದಕ್ಕೆ ಕೀ ತಿರುಗಿಸಲು ಹೇಳಿ ಮತ್ತೆ ನೋಡಿದರು. ಇಳಿಯಲೇ ಇಲ್ಲ. ಆಮೇಲೆ ಒಂದು ಕಡ್ಡಿಯನ್ನು ಟರ್ಮಿನಲ್ ಮೇಲೆ, ಇನ್ನೊಂದನ್ನು ಅದಕ್ಕೇ ಕಚ್ಚಿಕೊಂಡ ಕ್ಲ್ಯಾಂಪ್ ಮೇಲೆ ಇಟ್ಟರು. ಅಲ್ಲಿ ಸೊನ್ನೆಯ ಹತ್ತಿರ ಬರಬೇಕು. ಕೀ ತಿರುಗಿಸಿದಾಗ 9 ಬಂತು! ನಡುವೆ ಕೂತ ಬಿಳಿ ಪುಡಿಯಿಂದ ಸ್ಟಾರ್ಟರ್‌ಗೆ ಕರೆಂಟ್ ಹೋಗ್ತಾ ಇರಲಿಲ್ಲ. ಬಿಚ್ಚಿ, ಬಿಸಿನೀರು ಹಾಕಿ, ಉಜ್ಜಿ ಒರೆಸಿ ಬಿಗಿ ಮಾಡಿದರು. ಟ್ರ್ಯಾಕ್ಟರ್ ಸ್ಟಾರ್ಟ್ ಆಯಿತು. ಆಗ ಮೀಟರ್ 14 ತೋರಿಸಿತು, ಅಂದರೆ ಬ್ಯಾಟರಿ ಚಾರ್ಜ್ ಆಗುತ್ತಿದೆ.

ಮನೆಯ ಪ್ಲಗ್ಗಿನಲ್ಲಿ 230 ವೋಲ್ಟ್ ಇರಬೇಕು. ಅದನ್ನು ನೋಡಲು ಎ.ಸಿ. ಕಡೆ ದೊಡ್ಡ ಅಂಕಿಗೆ ತಿರುಗಿಸಬೇಕು. ನಮ್ಮನೇಲಿ ಸಂಜೆ ಹೊತ್ತು 180 ಬಂತು. ಟ್ಯೂಬ್‌ಲೈಟ್ ಯಾಕೆ ಮಿಣಮಿಣ ಅನ್ನುತ್ತೆ ಎಂದು ಆಗ ತಿಳೀತು.

ಕೆಂಪು ವೈರನ್ನು 10 ಆಂಪಿಯರ್ ತೂತಿನಲ್ಲಿ ಬಿಟ್ಟು ಪ್ಲಗ್ಗಿಗೆ ಚುಚ್ಚಿದರೆ ನೇರ ಶಾರ್ಟ್ ಆಗಿ ಮೀಟರ್ ಕೈಯಲ್ಲೇ ಸಿಡಿಯಬಹುದು. ಓಮ್ ನೋಡುವಾಗ ಮೇನ್ ಸ್ವಿಚ್ ಆಫ್ ಇರಬೇಕು. ಪ್ಲಗ್ಗಿಗೆ ಚುಚ್ಚೋದು ಮಾವನ ಕೆಲಸ. ನನಗೆ ಸೆಲ್ ಮಾತ್ರ ಕೊಡ್ತಾರೆ. ಹೊಸ ಸೆಲ್ 1.5, ನಮ್ಮ ರೇಡಿಯೋದ್ದು 1.1.

ಮೀಟರಿನ ಒಳಗೂ 9 ವೋಲ್ಟಿನ ಒಂದು ಬ್ಯಾಟರಿ ಇದೆ. ಅದು ಇಳಿದರೆ ಮೀಟರೇ ತಪ್ಪು ಲೆಕ್ಕ ಹೇಳುತ್ತೆ. ಅದನ್ನು ಯಾವುದರಲ್ಲಿ ಅಳೆಯೋದು ಮಾವ ಎಂದು ಕೇಳಿದೆ. ಪರದೆ ಮೂಲೆಯಲ್ಲಿ ಬರುವ ಬ್ಯಾಟರಿ ಗುರುತು ತೋರಿಸಿದರು.